ತಮ್ಮನನ್ನು ಬಲ ಮೂಲೆಗೆ ನಿಲ್ಲಿಸಿದ್ದು ಯಾಕೆ?

ಓದುಗರ ಪ್ರಶ್ನೆ: ನಾನು ಮಂಡ್ಯ ಕಡೆಯ ಹೈಸ್ಕೂಲ್ ಶಿಕ್ಷಕ. 12ರಿಂದ 16 ವರ್ಷದ ಮಕ್ಕಳಿಗಾಗಿ ಒಂದು ಕಬಡ್ಡಿ ಕಾದಂಬರಿ ಬರೆದಿದ್ದೇನೆ. ಅಣ್ಣ ಹತ್ತನೇ ತರಗತಿ, ಶಾಲಾ ತಂಡದ ನಾಯಕ, ಜೋರು ರೈಡರ್. ತಮ್ಮ ಎಂಟನೇ ತರಗತಿ, ಡಿಫೆಂಡರ್. ಅವನಿಗೆ ಎಡಗಿವಿ ಸರಿಯಾಗಿ ಕೇಳಿಸದು. ಚಿಕ್ಕಂದಿನಲ್ಲಿ ಮಂಗನಬಾವು ಬಂದು ಹಾಗಾಯಿತೆಂದು ಮನೆಯವರು ಹೇಳುತ್ತ ಬಂದಿದ್ದಾರೆ. ನಿಜ ಬೇರೆ. ತಮ್ಮನಿಗೆ ಐದು ವರ್ಷವಿದ್ದಾಗ, ದೀಪಾವಳಿ ದಿನ, ಎಂಟು ವರ್ಷದ ಅಣ್ಣ ಬೇಕೆಂದೇ ಅವನ ಕಿವಿಯ ಪಕ್ಕ ಪಟಾಕಿ ಸಿಡಿಸಿದ್ದ. ಒಟ್ಟು 22 ಅಧ್ಯಾಯ. ಫೈನಲ್ ನಡೆಯುವ 21ನೇ ಅಧ್ಯಾಯದಲ್ಲಿ ಗುಟ್ಟು ಹೊರಬೀಳುತ್ತದೆ. ಓದಿದವರು ಮೂರು ದೂರು ಹೇಳಿದರು: ಅಣ್ಣ ಸಿನಿಮಾ ಖಳನಂತಿದ್ದಾನೆ, ಗುಟ್ಟು ಆಕಾಶದಿಂದ ಉದುರಿದಂತಿದೆ, ಆಟದ ಪುಟಗಳನ್ನು ಹಾರಿಸಿ ಓದಿದೆವು. ಎಲ್ಲಿಂದ ತಿದ್ದಲಿ?

ಉತ್ತರ: ಮೂರು ದೂರಿಗೂ ಬೇರು ಒಂದೇ. ನಿಮ್ಮ ಕತೆಯಲ್ಲಿ ಆಟ ಮೈದಾನದಲ್ಲಿ ನಡೆಯುತ್ತದೆ, ಅಣ್ಣನ ಕಾಟ ಹಿತ್ತಲಲ್ಲಿ ನಡೆಯುತ್ತದೆ, ಗುಟ್ಟು ಅಡುಗೆಮನೆಯಲ್ಲಿ ಕೂತಿದೆ. ಒಂದಕ್ಕೊಂದು ಸೋಕುವುದೇ ಇಲ್ಲ. ಹಾಗಾಗಿ ಆಟದ ಪುಟದಲ್ಲಿ ಸ್ಕೋರು ಬಿಟ್ಟರೆ ಏನೂ ಇಲ್ಲ, ಅಣ್ಣನಿಗೆ ಕೇಡಿತನ ಬಿಟ್ಟರೆ ಬೇರೆ ಕಾರಣವಿಲ್ಲ, ಗುಟ್ಟಿಗೆ ಹೊರಬರಲು ಬಾಗಿಲಿಲ್ಲ. ಈ ಮೂರನ್ನೂ ಒಂದೇ ಹಗ್ಗದ ಎಳೆಗಳಾಗಿ ಹೊಸೆಯುವುದಕ್ಕೆ ಬೇಕಾದ ಸಾಮಾನು ನಿಮ್ಮ ಕೈಯಲ್ಲೇ ಇದೆ. ಅದು ಆ ಎಡಗಿವಿ. ನೀವು ಅದನ್ನು ಅನುಕಂಪಕ್ಕಾಗಿ ಇಟ್ಟಿದ್ದೀರಿ. ಅದನ್ನು ಆಟಕ್ಕೆ ಇಳಿಸಿ.

ಅಂಕಣದಲ್ಲಿ ಏಳು ಜನ ನಿಲ್ಲುವ ಕ್ರಮ ನಿಮಗೆ ಗೊತ್ತಿರುವುದೇ: ಎರಡು ತುದಿಗೆ ಇಬ್ಬರು ಕಾರ್ನರ್, ಅವರ ಪಕ್ಕ ಇಬ್ಬರು ಇನ್, ಆಮೇಲೆ ಇಬ್ಬರು ಕವರ್, ನಡುವೆ ಒಬ್ಬ. ಎಲ್ಲರ ಮುಖ ನಡುಗೆರೆಯ ಕಡೆಗೆ. ಎಡ ಕಾರ್ನರ್‌ನಲ್ಲಿ ನಿಂತವನಿಗೆ ಉಳಿದ ಆರೂ ಜನ ಬಲಗಡೆ ಇರುತ್ತಾರೆ. ಅಂದರೆ ಎಡಗಿವಿ ಕೇಳಿಸದ ಹುಡುಗನಿಗೆ ಎಡ ಮೂಲೆಯೇ ಕ್ಷೇಮ. ಅವನ ಒಳ್ಳೆಯ ಕಿವಿ ತಂಡದ ಕಡೆಗಿರುತ್ತದೆ, ಕೆಟ್ಟ ಕಿವಿ ಅಂಕಣದ ಅಂಚಿನ ಪಟ್ಟಿಯಾದ ಲಾಬಿಯ ಕಡೆಗೆ, ಅಲ್ಲಿಂದ ಯಾರೂ ಅವನನ್ನು ಕೂಗುವುದಿಲ್ಲ. ಮೊದಲ ಅಧ್ಯಾಯಗಳಲ್ಲಿ ಅವನು ಯಾವಾಗಲೂ ಎಡ ಮೂಲೆಯಲ್ಲೇ ನಿಲ್ಲಲಿ. ಯಾಕೆಂದು ಯಾರೂ ಕೇಳದಿರಲಿ. ಅವನಿಗೂ ತಿಳಿಯದಿರಲಿ, “ನಂಗೆ ಆ ಜಾಗ ಸರಿಹೋಗ್ತದೆ” ಎಂದಷ್ಟೇ ಹೇಳಲಿ.

ಆಮೇಲೆ, ತಮ್ಮನ ಹಿಡಿತಕ್ಕೆ ಊರವರು ಚಪ್ಪಾಳೆ ಹೊಡೆಯತೊಡಗಿದ ಮೇಲೆ, ಒಂದು ಸಂಜೆ ನಾಯಕನಾದ ಅಣ್ಣ ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ ಹೇಳಲಿ: “ಸಾರ್, ಅವರ ಮೇನ್ ರೈಡರ್ ಬಲ ಮೂಲೆ ಕಡೆಗೇ ಜಾಸ್ತಿ ಬರೋದು. ನಮ್ಮುಡುಗನ್ನ ಅಲ್ಲಿಗೆ ಹಾಕನ, ಅವನ ಹಿಡಿತ ಗಟ್ಟಿ.” ಮೇಷ್ಟ್ರಿಗೆ ಇದು ಜಾಣ ಸಲಹೆಯಾಗಿಯೇ ಕೇಳುತ್ತದೆ. ಓದುವ ಮಗುವಿಗೂ ಅಣ್ಣ ತಮ್ಮನನ್ನು ಹೊಗಳಿದಂತೆಯೇ ಅನಿಸುತ್ತದೆ. ಆದರೆ ಬಲ ಮೂಲೆಗೆ ಹೋದೊಡನೆ ಆರು ಜನರೂ ತಮ್ಮನ ಕಿವುಡು ಪಕ್ಕಕ್ಕೆ ಬರುತ್ತಾರೆ. ಕವರ್‌ನಲ್ಲಿದ್ದವನು “ಬೇಡ, ಬೇಡ, ಹಿಂದಕ್ಕೆ” ಎಂದು ಕೂಗಿದ್ದು ಮುಟ್ಟುವುದಿಲ್ಲ. ಇವನು ಒಬ್ಬನೇ ಮುಂದೆ ನುಗ್ಗಿ ಕಾಲಿಗೆ ಬೀಳುತ್ತಾನೆ, ಬೆಂಬಲ ಬರುವುದಿಲ್ಲ, ರೈಡರ್ ಇಬ್ಬರನ್ನು ಮುಟ್ಟಿ ಗೆರೆ ದಾಟುತ್ತಾನೆ. ಮೂರು ಸಲ ಹೀಗಾದರೆ ಸಾಕು, ಹುಡುಗ ಬೆಂಚಿಗೆ.

ಈ ಒಂದು ಬದಲಾವಣೆಯಿಂದ ಏನೇನು ಸಿಕ್ಕಿತು ನೋಡಿ. ಅಣ್ಣ ಕೈ ಎತ್ತದೆ, ಬೈಯದೆ ತಮ್ಮನನ್ನು ಮುರಿದ. ಅದು ಆಟದ ನಡೆಯಾಗಿಯೇ ಆಯಿತು, ಹಾಗಾಗಿ ಆಟದ ಪುಟಗಳಿಗೆ ಜೀವ ಬಂತು. ಎಲ್ಲಕ್ಕಿಂತ ಮುಖ್ಯವಾದದ್ದು, ತಮ್ಮನ ಕಿವಿ ಎಷ್ಟು ಕೆಟ್ಟಿದೆ, ಯಾವ ಕಡೆ ಕೆಟ್ಟಿದೆ, ಅದರಿಂದ ಅವನು ಎಲ್ಲಿ ಸೋಲುತ್ತಾನೆ ಎಂಬುದು ತಮ್ಮನಿಗಿಂತ ಅಣ್ಣನಿಗೆ ಚೆನ್ನಾಗಿ ಗೊತ್ತಿದೆ ಎಂದಾಯಿತು. ಯಾಕೆ ಗೊತ್ತು? ಆ ಪ್ರಶ್ನೆ ಓದುಗನ ತಲೆಯಲ್ಲಿ ಎದ್ದ ಕ್ಷಣವೇ ಗುಟ್ಟು ಅಂಕಣಕ್ಕೆ ಇಳಿದಿದೆ.

ಇದನ್ನು ಮೊದಲು ಗಮನಿಸುವವನು ಮೇಷ್ಟ್ರಾಗುವುದು ಬೇಡ. ಅದು ತಮ್ಮನ ಜೋಡಿಯಾಗಿ ಆಡುವ ಇನ್ ಆಗಲಿ. ಡಿಫೆಂಡರ್‌ಗಳು ಇಬ್ಬಿಬ್ಬರು ಕೈಹಿಡಿದು ಚೈನ್ ಕಟ್ಟಿ ನಿಲ್ಲುತ್ತಾರಲ್ಲ, ಅವರ ಮಾತು ಅರ್ಧ ಬೆರಳಲ್ಲೇ ನಡೆಯುತ್ತದೆ. ಒಮ್ಮೆ ಅದುಮಿದರೆ ನಿಲ್ಲು, ಎಳೆದರೆ ಹಿಂದಕ್ಕೆ, ಬಿಟ್ಟರೆ ನುಗ್ಗು. ಎಡ ಮೂಲೆಯಲ್ಲಿದ್ದಾಗ ಬೆರಳು, ಕಿವಿ ಎರಡೂ ಇದ್ದವು. ಬಲ ಮೂಲೆಗೆ ಬಂದ ಮೇಲೆ ಬೆರಳೊಂದೇ. ಹೊಸ ಜೋಡಿಯ ಹುಡುಗ ಒಂದು ವಾರದಲ್ಲಿ, “ನಾನು ಕೂಗಿದ್ದು ನಿಂಗೆ ಕೇಳಂಗಿಲ್ಲ ಅಲ್ವಾ? ಕೈ ಅದುಮಿದರೆ ಮಾತ್ರ ಗೊತ್ತಾಯ್ತದೆ” ಎನ್ನಲಿ. ಈ ಗೆಳೆಯನೇ ಮುಂದೆ ತಮ್ಮನಿಗೆ ಆಸರೆಯಾಗಬಹುದು. ಮನೆಯ ಹೊರಗೆ ಒಂದಾದರೂ ನಂಬುವ ಕೈ ಇರುವುದು ಈ ವಯಸ್ಸಿನ ಓದುಗರಿಗೆ ತುಂಬಾ ಬೇಕು.

ಈಗ ಕಿವಿಯ ವಿಷಯ. ನಿಮ್ಮ ಕರಡು ಹೆಚ್ಚು ತಪ್ಪಿರುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಂಗನಬಾವಿನ ಸುಳ್ಳು ಬಹಳ ಚೆನ್ನಾಗಿ ಆರಿಸಿದ ಸುಳ್ಳು. ಮಂಗನಬಾವಿನಿಂದ ಕಿವಿ ಹೋಗುವುದು ಅಪರೂಪವಾದರೂ ನಿಜ, ಮತ್ತು ಹೋದರೆ ಸಾಮಾನ್ಯವಾಗಿ ಒಂದೇ ಕಿವಿ ಹೋಗುತ್ತದೆ. ನಮ್ಮ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆ ಇದೆ, ಮಂಗನಬಾವಿನದು ಇಲ್ಲ. ಹಾಗಾಗಿ ಹಳ್ಳಿಯ ಹುಡುಗನಿಗೆ ಅದು ಬಂದಿತ್ತು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮಂಗನಬಾವು ಕೆಡಿಸುವುದು ಒಳಕಿವಿಯನ್ನು. ಕಿವಿತಮಟೆಗೆ ಅದು ತೂತು ಮಾಡುವುದಿಲ್ಲ. ಪಕ್ಕದಲ್ಲೇ ಸಿಡಿದ ಪಟಾಕಿ ಎರಡನ್ನೂ ಮಾಡಬಲ್ಲದು: ತಮಟೆ ಹರಿಯಬಹುದು, ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ಕೂದಲು ಕೋಶಗಳು ಸಾಯಬಹುದು. ಹರಿದ ತಮಟೆ ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಾನೇ ಕೂಡುತ್ತದೆ. ದೊಡ್ಡ ತೂತಾದರೆ ಹಾಗೇ ಉಳಿಯಬಹುದು, ಅದನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚುತ್ತಾರೆ. ಸತ್ತ ಕೂದಲು ಕೋಶ ಮಾತ್ರ ಮರಳಿ ಬರುವುದಿಲ್ಲ. ಕೊನೆಯಲ್ಲಿ ಆಪರೇಷನ್ ಮಾಡಿಸಿ ಪೂರ್ತಿ ಕೇಳಿಸಿತು ಎಂದು ಬರೆದಿದ್ದೀರಿ. ಅದನ್ನು ದಯವಿಟ್ಟು ತೆಗೆದುಹಾಕಿ.

ತೂತು ಉಳಿದಿದೆ ಎಂದೇ ಇಟ್ಟುಕೊಳ್ಳಿ, ಅದರಿಂದ ಸುಳಿವುಗಳು ತಾವಾಗಿ ಹುಟ್ಟುತ್ತವೆ. ತಮಟೆಯಲ್ಲಿ ತೂತಿದ್ದರೆ ಕಿವಿಗೆ ನೀರು ಹೋಗಬಾರದು, ಹೋದರೆ ಸೋಂಕಾಗಿ ಕಿವಿ ಸೋರುತ್ತದೆ. ಆದ್ದರಿಂದ ತಲೆಗೆ ನೀರು ಹಾಕುವ ದಿನ ಅಮ್ಮ ಎಡಗಿವಿಗೆ ಮಾತ್ರ ವ್ಯಾಸಲೀನ್ ಸವರಿದ ಹತ್ತಿ ಇಡುತ್ತಾಳೆ. ಊರ ಹುಡುಗರೆಲ್ಲ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಧುಮುಕುವಾಗ ಇವನೊಬ್ಬ ದಂಡೆಯ ಮೇಲೆ. ಮಂಗನಬಾವಿನಿಂದ ಕಿವಿ ಹೋದ ಮಗುವಿಗೆ ಈ ಎಚ್ಚರಿಕೆ ಬೇಕಿಲ್ಲ. ಅಮ್ಮ ಬಾಯಲ್ಲಿ ಒಂದು ಹೇಳುತ್ತಾಳೆ, ಅವಳ ಕೈ ಇನ್ನೊಂದು ಹೇಳುತ್ತದೆ. ಓದುವ ಮಕ್ಕಳಿಗೆ ಇದು ಮೊದಲಿಗೆ ಹೊಳೆಯದು, ಆದರೆ ಮುಂದೆ ಡಾಕ್ಟರ್ ದೃಶ್ಯ ಬಂದಾಗ ಹಿಂದಕ್ಕೆ ಪುಟ ತಿರುವಿ ನೋಡುತ್ತಾರೆ.

ಇನ್ನೊಂದು ಸುಳಿವು: ಪ್ರತಿ ದೀಪಾವಳಿಗೂ ಇವನನ್ನು ಅಜ್ಜಿಯ ಊರಿಗೆ ಕಳಿಸುತ್ತಾರೆ, ಅಣ್ಣನನ್ನು ಕಳಿಸುವುದಿಲ್ಲ. ಇದನ್ನು ಮೂರನೇ ಅಧ್ಯಾಯದಲ್ಲಿ ಹಬ್ಬದ ಸಡಗರದ ನಡುವೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡಿ.

ಡಾಕ್ಟರ್ ದೃಶ್ಯವನ್ನು ತರಲು ಕ್ರೀಡಾ ವಸತಿ ಶಾಲೆಯ ಆಯ್ಕೆಯ ಆರೋಗ್ಯ ತಪಾಸಣೆ ಸಾಕು. ಅಲ್ಲಿಂದ ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರೆದುಕೊಡಬಹುದು, ಮಂಡ್ಯದವರಿಗೆ ಅದು ಹತ್ತಿರವೂ ಹೌದು. ಹುಡುಗನನ್ನು ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, 250ರಿಂದ 8000 ಹರ್ಟ್ಜ್‌ವರೆಗೆ ಒಂದೊಂದೇ ಸ್ವರ ಕೇಳಿಸುತ್ತಾರೆ. ಕೇಳಿಸಿದಾಗ ಗುಂಡಿ ಒತ್ತಬೇಕು, ಇಲ್ಲವೇ ಕೈ ಎತ್ತಬೇಕು. ಆಮೇಲೆ ಕಿವಿಯ ಹಿಂದಿನ ಮೂಳೆಗೆ ಒಂದು ಚಿಕ್ಕ ಕಂಪಕ ಇಟ್ಟು ಮತ್ತೆ ಪರೀಕ್ಷೆ. ಕೊರತೆ ತಮಟೆಯದೋ ಒಳಕಿವಿಯದೋ ಎಂದು ಬೇರ್ಪಡಿಸುವುದು ಈ ಎರಡನೇ ಪರೀಕ್ಷೆ. ಫಲಿತಾಂಶದ ನಕ್ಷೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ X ಗುರುತು. ಕೆಂಪು ಸೊನ್ನೆಗಳು ಮೇಲೆ ಸಾಲಾಗಿ ನಿಂತಿರುತ್ತವೆ. ನೀಲಿ ಗುರುತುಗಳು ಬಲಕ್ಕೆ ಹೋದಂತೆ ಕೆಳಗೆ ಜಾರಿ 4000 ಹರ್ಟ್ಜ್ ಹತ್ತಿರ ಹಳ್ಳಕ್ಕೆ ಬೀಳುತ್ತವೆ. ಜೋರು ಸಿಡಿತದಿಂದ ಕೆಟ್ಟ ಕಿವಿಯಲ್ಲಿ ಆ ಆಸುಪಾಸಿನ ಹಳ್ಳ ಸಾಮಾನ್ಯ. ಹದಿಮೂರರ ಹುಡುಗನಿಗೆ ಈ ನಕ್ಷೆ ಅರ್ಥವಾಗುತ್ತದೆ, ಕಣ್ಣಿಗೂ ಕಟ್ಟುತ್ತದೆ.

ಒಂದು ಎಚ್ಚರಿಕೆ. ಡಾಕ್ಟರ್ ಬಾಯಲ್ಲಿ “ಇದು ಪಟಾಕಿಯಿಂದಲೇ ಆಗಿದ್ದು” ಎಂದು ಹೇಳಿಸಬೇಡಿ. ತೂತು ಹಳೆಯ ಸೋಂಕಿನಿಂದಲೂ ಆಗಬಹುದು, ಎಂಟು ವರ್ಷದ ನಂತರ ಯಾವ ವೈದ್ಯರೂ ಖಚಿತ ತೀರ್ಪು ಕೊಡುವುದಿಲ್ಲ. ಅವರು ಪ್ರಶ್ನೆ ಕೇಳುತ್ತಾರೆ: “ಮಂಗನಬಾವು ಅಂತ ಬರೆಸಿದ್ದೀರಿ. ಚಿಕ್ಕವನಿದ್ದಾಗ ಕಿವಿ ಹತ್ತಿರ ಏನಾದರೂ ದೊಡ್ಡ ಸದ್ದು ಆಗಿತ್ತಾ ಅಮ್ಮ?” ಅಮ್ಮ ಉತ್ತರಿಸುವುದಿಲ್ಲ. ಚೀಲದ ಜಿಪ್ ಎಳೆಯುತ್ತಾಳೆ, ಬಸ್ಸಿಗೆ ಹೊತ್ತಾಯಿತು ಎನ್ನುತ್ತಾಳೆ. ಹುಡುಗ ಅಮ್ಮನ ಬಲಗಡೆ ಕೂತಿದ್ದರೆ ಎಡಗಿವಿ ಅವಳ ಕಡೆಗಿರುತ್ತದೆ, ಆದ್ದರಿಂದ ಅವಳ ಮಾತಿಗಿಂತ ಅವಳ ಕೈಯೇ ಅವನಿಗೆ ಕಾಣುತ್ತದೆ. ಕೂರಿಸುವ ಜಾಗವನ್ನು ಹೀಗೆ ಪ್ರತಿ ದೃಶ್ಯದಲ್ಲೂ ಲೆಕ್ಕ ಹಾಕಿ. ಒಂದು ಕಿವಿ ಚೆನ್ನಾಗಿರುವವನು ಸದ್ದಿಲ್ಲದ ಕೋಣೆಯಲ್ಲಿ ಎಲ್ಲವನ್ನೂ ಕೇಳಬಲ್ಲ. ಕಷ್ಟವಾಗುವುದು ಗದ್ದಲದಲ್ಲಿ, ಮತ್ತು ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವಾಗ. ಸೀಟಿ ಕೇಳುತ್ತದೆ, ಯಾವ ಅಂಪೈರ್ ಊದಿದ್ದು ಎಂದು ತಿಳಿಯುವುದಿಲ್ಲ. ನಿಮ್ಮ ಕರಡಿನಲ್ಲಿ ಅವನು ಕೆಲವೆಡೆ ಪೂರ್ತಿ ಕಿವುಡ, ಕೆಲವೆಡೆ ಪಿಸುಮಾತೂ ಕೇಳುವವ. ಹಾಗೆಯೇ ಅವನಿಗೆ ಅಂಗವಿಕಲ ಪ್ರಮಾಣಪತ್ರ ಕೊಡಿಸಿದ್ದೀರಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಶ್ರವಣದೋಷದ ಲೆಕ್ಕ ಎರಡೂ ಕಿವಿಗಳ ನಷ್ಟದ ಮೇಲೆ ನಿಂತಿದೆ, ಒಂದು ಕಿವಿ ಚೆನ್ನಾಗಿರುವವನಿಗೆ ಅದು ಸಿಗುವುದಿಲ್ಲ.

ಇನ್ನು ಅಣ್ಣ. “ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು” ಎಂಬ ಗಾದೆಯನ್ನೇ ನೀವು ಅವನ ಪಾತ್ರವನ್ನಾಗಿ ಮಾಡಿದ್ದೀರಿ. ಆ ಗಾದೆ ಆಸ್ತಿ ಪಾಲಿನ ಕಾಲಕ್ಕೆ ಹೇಳಿದ್ದು, ಎಂಟು ವರ್ಷದ ಹುಡುಗನಿಗೆ ಸಾಲದು. ಇದಕ್ಕಿಂತ ಒಳ್ಳೆಯ ಪಾಠ ಭಾರತದ ಆದಿಪರ್ವದಲ್ಲಿದೆ. ಬಾಲ ಭೀಮ ಕೌರವರನ್ನು ಕೂದಲು ಹಿಡಿದು ಎಳೆಯುತ್ತಾನೆ, ನೀರಲ್ಲಿ ಮುಳುಗಿಸುತ್ತಾನೆ, ಅವರು ಹಣ್ಣಿಗೆ ಹತ್ತಿದ ಮರವನ್ನು ಅಲ್ಲಾಡಿಸಿ ಉದುರಿಸುತ್ತಾನೆ. ದ್ವೇಷದಿಂದಲ್ಲ, ಹುಡುಗಾಟದಿಂದ ಎಂದು ವ್ಯಾಸರೇ ಹೇಳುತ್ತಾರೆ. ಭೀಮ ನಮ್ಮ ಕಡೆಯವನಾದ್ದರಿಂದ ನಮಗೆ ಅದು ಆಟ. ಮರದ ಮೇಲಿದ್ದವನಿಗೆ ಏನಾಗಿತ್ತು ಎಂದು ನಾವು ಕೇಳುವುದಿಲ್ಲ, ದುರ್ಯೋಧನ ವಿಷವಿಕ್ಕಿದ ಮೇಲಷ್ಟೇ ಬೆಚ್ಚುತ್ತೇವೆ. ನಿಮ್ಮ ಅಣ್ಣನ ಒಂದೊಂದು ಕೆಲಸವನ್ನೂ ಈ ಎರಡು ಕಣ್ಣಿನಿಂದ ಬರೆಯಿರಿ. ಮನೆಯವರಿಗೆ ತಮಾಷೆಯಾಗಿ ಕಾಣುವಂತಿರಬೇಕು, ಮರದ ಮೇಲಿದ್ದವನಿಗೆ ಮಾತ್ರ ಕೊಂಬೆ ಅಲ್ಲಾಡುತ್ತಿರಬೇಕು.

ಒಡಹುಟ್ಟಿದವರ ಜಗಳ ಬೇರೆ, ಕ್ರೌರ್ಯ ಬೇರೆ. ಜಗಳದಲ್ಲಿ ಒಮ್ಮೆ ಇವನು ಗೆಲ್ಲುತ್ತಾನೆ, ಒಮ್ಮೆ ಅವನು. ಅಳು ನಿಂತ ಮೇಲೆ ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕುತ್ತಾರೆ. ಕ್ರೌರ್ಯದಲ್ಲಿ ಗೆಲ್ಲುವವನು ಯಾವಾಗಲೂ ಒಬ್ಬನೇ, ಅದು ಮತ್ತೆ ಮತ್ತೆ ಆಗುತ್ತದೆ, ಸೋಲುವವನು ಮುಂಚೆಯೇ ಹೆದರಿರುತ್ತಾನೆ, ಬಾಗಿಲ ಚಿಲಕದ ಸದ್ದಿಗೇ ಮೈ ಬಿಗಿ ಹಿಡಿಯುತ್ತಾನೆ. ನೀವು ಬರೆದಿರುವ ಹನ್ನೊಂದು ಹೊಡೆತದ ದೃಶ್ಯಗಳಲ್ಲಿ ಎಂಟನ್ನು ತೆಗೆದು ಈ ಮುಂಚಿನ ಹೆದರಿಕೆಯನ್ನು ಬರೆದರೆ ಸಾಕು. ಅಣ್ಣ ಬರುವ ಮುಂಚೆ ತಮ್ಮ ಏನೇನು ಎತ್ತಿಡುತ್ತಾನೆ? ನೀಕ್ಯಾಪ್ ಎಲ್ಲಿ ಬಚ್ಚಿಡುತ್ತಾನೆ? ಮಲಗುವಾಗ ಯಾವ ಮಗ್ಗುಲು? ಬಲಗಿವಿ ದಿಂಬಿಗೆ ಒತ್ತಿ ಮಲಗಿದರೆ ಅಣ್ಣ ಹತ್ತಿರ ಬಂದದ್ದು ಕೇಳಿಸದು. ಹಾಗಾಗಿ ಅವನು ಎಂಟು ವರ್ಷದಿಂದ ಎಡ ಮಗ್ಗುಲಿಗೇ ಮಲಗುತ್ತಾನೆ.

ಅಭ್ಯಾಸದ ಹೆಸರಿನ ಕಾಟಕ್ಕೆ ಕಬಡ್ಡಿಯಲ್ಲಿ ಬೇಕಾದಷ್ಟು ಜಾಗವಿದೆ. ಆಂಕಲ್ ಹೋಲ್ಡ್ ಕಲಿಸುವ ನೆಪದಲ್ಲಿ ಹಿಮ್ಮಡಿ ತಿರುಚಬಹುದು, ಲೈನಿನಿಂದ ಆಚೆ ಹೋದ ಮೇಲೂ ಡ್ಯಾಶ್, ಅಂದರೆ ಮೈಯಿಂದ ಡಿಕ್ಕಿ, ಕೊಡಬಹುದು. ಉಸಿರು ಹಿಡಿಯಲು ಕಲಿಸುತ್ತೇನೆಂದು ಅಣ್ಣ ತಮ್ಮನ ತಲೆಯನ್ನು ತೊಟ್ಟಿಯ ನೀರಿಗೆ ಅದುಮುವ ದೃಶ್ಯ ನಿಮ್ಮಲ್ಲಿದೆ. ಅದನ್ನು ಉಳಿಸಿಕೊಳ್ಳಿ, ಆದರೆ ಎಷ್ಟು ಹೊತ್ತು, ಹೇಗೆ ಎಂಬ ವಿವರ ತೆಗೆಯಿರಿ. ಓದುವ ಮಕ್ಕಳು ಮಾಡಿನೋಡುತ್ತಾರೆ, ನೀರೊಳಗೆ ಎಚ್ಚರ ತಪ್ಪಿದರೆ ಜೀವವೇ ಹೋಗುತ್ತದೆ. ದೃಶ್ಯದ ತೂಕ ಅಮ್ಮನ ಮೇಲೆ ಬೀಳಲಿ: ಅವಳು ಓಡಿಬಂದು ಮೊದಲು ಮೂಗು ಬಾಯಿ ನೋಡುವುದಿಲ್ಲ, ಸೆರಗಿನಿಂದ ಎಡಗಿವಿ ಒರೆಸುತ್ತಾಳೆ. ಎರಡು ದಿನಕ್ಕೆ ಕಿವಿ ಸೋರುತ್ತದೆ. ಪಟಾಕಿ ದೃಶ್ಯಕ್ಕೂ ಇದೇ ಮಾತು. ಯಾವ ಪಟಾಕಿ, ಎಷ್ಟು ಹತ್ತಿರ ಎಂಬುದು ಬೇಡ.

ಆದರೆ ಅಣ್ಣನಿಗೆ ಒಂದೆರಡು ನಿಜವಾದ ಒಳ್ಳೆಯತನ ಕೊಡಲೇಬೇಕು, ಕ್ರೌರ್ಯವನ್ನು ಮೆತ್ತಗಾಗಿಸಲು ಅಲ್ಲ, ತಮ್ಮ ಅವನನ್ನು ಯಾಕೆ ಇನ್ನೂ ಹಿಂಬಾಲಿಸುತ್ತಾನೆ ಎಂದು ತಿಳಿಯಲು. ಬೇರೆ ಊರಿನ ಹುಡುಗರು “ಕೆಪ್ಪ” ಎಂದಾಗ ಅಣ್ಣ ಅವರ ಕಾಲರ್ ಹಿಡಿಯಲಿ. ಮನೆಗೆ ಬಂದು ಅದೇ ಹೆಸರಿನಿಂದ ತಾನೇ ಕರೆಯಲಿ. ಹದಿಮೂರರ ಹುಡುಗನಿಗೆ ಅಣ್ಣನೇ ಊರಿನ ಹೀರೋ, ಅವನ ಹಳೆಯ ಜೆರ್ಸಿ ತೊಡುವುದೇ ಹೆಮ್ಮೆ. ಆ ಹೆಮ್ಮೆ ಇದ್ದರಷ್ಟೇ ನಿಜ ತಿಳಿದಾಗ ಒಡೆಯಲು ಏನಾದರೂ ಇರುತ್ತದೆ.

ಅಣ್ಣ ಹೀಗಾದದ್ದು ಯಾಕೆ? ನಿಮ್ಮ ಕರಡು ಹೊಟ್ಟೆಕಿಚ್ಚು ಎನ್ನುತ್ತದೆ. ಎಂಟು ವರ್ಷದಲ್ಲಿ ಅದೇ ಇರಬಹುದು. ಆದರೆ ಹದಿನಾರರವರೆಗೆ ಅದು ಬೆಳೆದದ್ದು ಗುಟ್ಟಿನಿಂದ. ಆ ದಿನ ಮನೆಯ ದೊಡ್ಡವರು ಅವನನ್ನು ಬೈಯಲಿಲ್ಲ, ಕೇಳಲೂ ಇಲ್ಲ, “ಯಾರಿಗೂ ಹೇಳ್ಬೇಡ” ಎಂದಷ್ಟೇ ಹೇಳಿದರು. ಏನು ಮಾಡಿದರೂ ಮನೆ ಮುಚ್ಚಿಹಾಕುತ್ತದೆ ಎಂದು ಅವನು ಅಂದೇ ಕಲಿತ. ತಮ್ಮನನ್ನು ನೋಡಿದಾಗಲೆಲ್ಲ ತಾನು ಮಾಡಿದ್ದು ಎದುರಿಗೆ ಓಡಾಡುತ್ತದೆ, ಕ್ಷಮೆ ಕೇಳುವ ದಾರಿಯನ್ನೂ ದೊಡ್ಡವರೇ ಮುಚ್ಚಿದ್ದಾರೆ. ನೀವು ಕ್ರೌರ್ಯದಿಂದ ಗುಟ್ಟು ಹುಟ್ಟಿತು ಎಂದು ಬರೆದಿದ್ದೀರಿ. ಉಳಿದ ಎಂಟು ವರ್ಷಗಳಲ್ಲಿ ಗುಟ್ಟೇ ಕ್ರೌರ್ಯವನ್ನು ಸಾಕಿತು ಎಂಬುದನ್ನೂ ಬರೆಯಿರಿ. ಇಡೀ ಕಾದಂಬರಿ ಇದರ ಮೇಲೆ ನಿಲ್ಲುತ್ತದೆ.

ಗುಟ್ಟನ್ನು ಒಂದೇ ಗಂಟಾಗಿ ಇಡಬೇಡಿ. ಅದರಲ್ಲಿ ಮೂರು ಪದರ ಇದೆ. ಮೇಲಿನದು, ಕಿವಿ ಕೆಟ್ಟಿದ್ದು ಪಟಾಕಿಯಿಂದ. ಅದರ ಕೆಳಗೆ, ಸಿಡಿಸಿದ್ದು ಅಣ್ಣ, ಬೇಕೆಂದೇ. ಎಲ್ಲಕ್ಕಿಂತ ಕೆಳಗೆ, ಮೂರು ತಿಂಗಳು ಬಿಟ್ಟು ತೋರಿಸಿ ಎಂದು ಡಾಕ್ಟರ್ ಹೇಳಿದ್ದರೂ ಅಪ್ಪ ಅಮ್ಮ ಮತ್ತೆ ಕರೆದುಕೊಂಡು ಹೋಗಲಿಲ್ಲ, ಯಾಕೆಂದರೆ ಆ ಡಾಕ್ಟರ್ “ಯಾರು ಹಚ್ಚಿದ್ದು?” ಎಂದು ಕೇಳಿದ್ದರು. ಮುಚ್ಚಬಹುದಾಗಿದ್ದ ತೂತು ಹಾಗಾಗಿ ಉಳಿಯಿತು. ಮೊದಲ ಪದರ ಆಕಸ್ಮಿಕ ಎನ್ನಬಹುದು, ಎರಡನೆಯದನ್ನು ಹುಡುಗುಬುದ್ಧಿ ಎನ್ನಬಹುದು. ಮೂರನೆಯದು ದೊಡ್ಡವರು ತಿಳಿದೂ ಮಾಡಿದ್ದು. ನಿಮ್ಮ ಕರಡಿನಲ್ಲಿ ಈ ಮೂರನೆಯದು ಇಲ್ಲ, ಅದಕ್ಕೇ ಅಪ್ಪ ಅಮ್ಮ ಕೊನೆಯಲ್ಲಿ ಸುಮ್ಮನೆ ಅಳುತ್ತ ನಿಲ್ಲುತ್ತಾರೆ.

ಒಂದು ನೋಟ್‌ಬುಕ್ಕಿನಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಪುಟ ಬಿಡಿ. ಅವರಿಗೆ ನಿಜವಾಗಿ ಏನು ಗೊತ್ತು, ಬೇರೆಯವರಿಗೆ ಏನು ಹೇಳಿದ್ದಾರೆ, ಸುಮ್ಮನಿರಲು ಕಾರಣವೇನು, ಎಲ್ಲಿ ಬಾಯಿ ತಪ್ಪಬಹುದು ಎಂದು ಬರೆಯಿರಿ. ಅಜ್ಜಿಗೆ ಗೊತ್ತಿರುವುದು ಮೊದಲ ಪದರ ಮಾತ್ರ, “ಹೊಗೆ ಮೂಗಿಗೆ ಹೋಗಿ ಅತ್ತಿದ್ದು ಅತ್ತಿದ್ದೇ” ಎಂದು ಎಂದೋ ಬಾಯಿ ಬಿಟ್ಟು ತಕ್ಷಣ ಮಾತು ತಿರುಗಿಸಬಹುದು. ಅಪ್ಪನಿಗೆ ಮೂರೂ ಗೊತ್ತು. ಆದರೆ ದೊಡ್ಡವನಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಕೆಲಸ ಸಿಕ್ಕೀತೆಂಬ ಆಸೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಆ ಆಸೆ ಹಳ್ಳಿ ಹಳ್ಳಿಯಲ್ಲಿ ದೊಡ್ಡದಾಗಿದೆ. ಕಾರಣ ಒಪ್ಪುವಂತಿರಬೇಕು, ಆದರೆ ಸಾಲದು ಅನಿಸಬೇಕು. ಅಮ್ಮನ ಮೊದಲ ಸುಳ್ಳು ತೀರಾ ಚಿಕ್ಕದಾಗಿರಲಿ. ಒಂದನೇ ತರಗತಿಯ ಟೀಚರ್ ಕೇಳಿದಾಗ ಅವಸರಕ್ಕೆ ಹೇಳಿದ್ದು. ಆಮೇಲೆ ಅದನ್ನೇ ಎಲ್ಲರಿಗೂ ಹೇಳಬೇಕಾಗಿ ಬಂತು.

ಟ್ರಂಕಿನ ತಳದಲ್ಲಿ ಹಳೆಯ ಆಸ್ಪತ್ರೆ ಚೀಟಿ ಸಿಗುವ ನಿಮ್ಮ ದೃಶ್ಯ ಬೇಡ. ಮುಚ್ಚಿಟ್ಟವರು ಚೀಟಿಯನ್ನು ಅಷ್ಟು ಜೋಪಾನ ಮಾಡುವುದಿಲ್ಲ. ಹಾಗೆಯೇ ಹುಡುಗನಿಗೆ ಎಲ್ಲವೂ ಸಿನಿಮಾದಂತೆ ಒಮ್ಮೆಗೇ ನೆನಪಾಗುವುದೂ ಬೇಡ. ಐದು ವರ್ಷದ ನೆನಪು ತುಣುಕಾಗಿರುತ್ತದೆ: ಮದ್ದಿನ ವಾಸನೆ, ಬಿಳಿ ಬೆಳಕು, ಅಮ್ಮನ ಬಾಯಿ ಆಡುತ್ತಿದೆ ಆದರೆ ಸದ್ದಿಲ್ಲ. ಈ ಮೂರು ತುಣುಕು ಸಾಕು. ಉಳಿದದ್ದನ್ನು ಯಾರಾದರೂ ಅವನಿಗೆ ಹೇಳಬೇಕು.

ಯಾವಾಗ ಹೇಳಬೇಕು? 21ನೇ ಅಧ್ಯಾಯ ತೀರಾ ತಡ. 22ರಲ್ಲಿ 14ನೆಯದಕ್ಕೆ ತನ್ನಿ. ಕರ್ಣ ಯಾರೆಂದು ಮಹಾಭಾರತದ ಕೇಳುಗನಿಗೆ ಮೊದಲೇ ಗೊತ್ತು. ಎದುರಿಗೆ ನಿಂತ ಅರ್ಜುನನಿಗೆ ಗೊತ್ತಿಲ್ಲ. ಯುದ್ಧಕ್ಕೆ ಮುಂಚೆ ಕುಂತಿ ಕರ್ಣನಿಗೆ ಹೇಳುತ್ತಾಳೆ, ಉಳಿದ ಮಕ್ಕಳಿಗೆ ಹೇಳುವುದು ಅವನು ಸತ್ತ ಮೇಲೆ. ಅಲ್ಲಿ ಎದೆ ಹಿಂಡುವುದು ಬಯಲಾದ ಕ್ಷಣದ ಬೆರಗಲ್ಲ, ಗೊತ್ತಿದ್ದವರು ಬಾಯಿಬಿಡದೆ ಕಳೆದ ಹೊತ್ತು. ನಿಮ್ಮಲ್ಲೂ ಪದರಗಳು ಬೇರೆ ಬೇರೆ ಕಡೆ ಬಿಚ್ಚಲಿ. ಡಾಕ್ಟರ್ ಪ್ರಶ್ನೆಯಿಂದ ಹತ್ತನೇ ಅಧ್ಯಾಯದ ಹೊತ್ತಿಗೆ ಮೊದಲ ಪದರ. ಬಲ ಮೂಲೆಯ ಲೆಕ್ಕ ಕೂಡಿಸಿ ಹುಡುಗ ತಾನೇ ಅಣ್ಣನ ಮುಂದೆ ನಿಂತಾಗ, 14ರಲ್ಲಿ, ಎರಡನೆಯದು. ಮೂರನೆಯದನ್ನು ಅಮ್ಮನೇ ಹೇಳಲಿ, 17ರ ಸುಮಾರಿಗೆ, ಕರೆಂಟು ಹೋದ ಒಂದು ರಾತ್ರಿ, ಅವನ ಬಲಗಡೆ ಬಂದು ಕೂತು. ಬಲಗಡೆ ಬಂದು ಕೂತಳು ಎಂಬ ಮಾತೇ ಓದುಗನಿಗೆ ಎಲ್ಲ ಹೇಳುತ್ತದೆ. ಅಪ್ಪ “ಈಗ್ಯಾಕೆ ಆ ಮಾತು, ಜಿಲ್ಲಾ ಮಟ್ಟ ಮುಗೀಲಿ” ಎನ್ನಲಿ. ಆಟದ ದಿನಾಂಕಗಳು ಇಲ್ಲಿ ಕತೆಗೆ ಬಿಗಿ ಕೊಡುತ್ತವೆ: ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಒಂದೊಂದು ಹಂತ ದಾಟಿದಂತೆ ಬಾಯಿ ಮುಚ್ಚಿಸುವ ಒತ್ತಡ ಹೆಚ್ಚುತ್ತದೆ.

ಮಾತಿನ ವಿಷಯಕ್ಕೆ ಬಂದರೆ, ನಿಮ್ಮ ಕೈಯಲ್ಲಿ ಬೇರೆ ಎಷ್ಟೋ ಭಾಷೆಗಳಿಗಿಲ್ಲದ ಒಂದು ಸಾಧನವಿದೆ. ತಮ್ಮನಾದವನು ಅಣ್ಣನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಹದಿಮೂರು ಅಧ್ಯಾಯ “ಅಣ್ಣ, ಅಣ್ಣ” ಎಂದೇ ಬರಲಿ. 14ರ ನಂತರ ಹೆಸರು ಹಿಡಿದು ಕರೆಸಬೇಡಿ, ಅದು ನಾಟಕವಾಗುತ್ತದೆ. ಕರೆಯುವುದನ್ನೇ ಬಿಡಲಿ. ಅಂಕಣದಲ್ಲಿ ನಾಯಕನನ್ನು ಕೂಗಲೇಬೇಕಾದಾಗ ಒಂದು ಕ್ಷಣ ಬಾಯಿ ತೆರೆದು, ಚಪ್ಪಾಳೆ ತಟ್ಟಿ ಗಮನ ಸೆಳೆಯಲಿ. ಜಾಣ ಓದುಗ ಅಲ್ಲೇ ನಿಲ್ಲುತ್ತಾನೆ.

ಆಟದ ಪುಟಗಳು. 20 ನಿಮಿಷದ ಎರಡು ಅರ್ಧ, ರೈಡಿಗೆ 30 ಸೆಕೆಂಡು ಎಂದರೆ ಒಂದು ಪಂದ್ಯದಲ್ಲಿ ಸುಮಾರು 80 ರೈಡ್. ನೀವು ಫೈನಲ್‌ನಲ್ಲಿ 31 ರೈಡ್ ವರ್ಣಿಸಿದ್ದೀರಿ, ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಐದು ಸಾಕು, ಪ್ರತಿಯೊಂದರಲ್ಲೂ ಅಣ್ಣತಮ್ಮಂದಿರ ನಡುವೆ ಏನಾದರೂ ಬದಲಾಗಬೇಕು. ಉಳಿದದ್ದನ್ನು “ಅರ್ಧಕ್ಕೆ 14–11” ಎಂದು ಒಂದು ಸಾಲಿನಲ್ಲಿ ದಾಟಿ. ನಿಮ್ಮ ಸಾಲು ಹೀಗಿದೆ: “ಎದುರಾಳಿ ರೈಡರ್ ಮಿಂಚಿನಂತೆ ನುಗ್ಗಿ ಇಬ್ಬರನ್ನು ಔಟ್ ಮಾಡಿದ, ಪ್ರೇಕ್ಷಕರು ಹರ್ಷೋದ್ಗಾರ ಮಾಡಿದರು.” ಇದು ಗ್ಯಾಲರಿಯಿಂದ ಕಂಡದ್ದು. ಹುಡುಗನ ಮೈಯೊಳಗಿನಿಂದ ಬರೆದರೆ ಹೀಗೆ ಬರುತ್ತದೆ: “ರೈಡರ್‌ನ ಕಬಡ್ಡಿ ಕಬಡ್ಡಿ ಬಲಗಿವಿಯಲ್ಲಿ ಮಾತ್ರ ಇತ್ತು. ಎಡಗಡೆ ಏನೂ ಇರಲಿಲ್ಲ, ಬೆರಳೊಂದು ಬಿಟ್ಟು. ಬೆರಳು ಅದುಮಿತು. ನಿಂತೆ. ಅವನ ಹಿಮ್ಮಡಿ ಬೋನಸ್ ಗೆರೆಯ ಮೇಲೆ ಎದ್ದಿತು. ಬೆರಳು ಬಿಟ್ಟಿತು.” ಇಷ್ಟೇ, ಮುಂದಿನದು ಓದುಗನಿಗೆ ಬಿಟ್ಟದ್ದು.

ಔಟಾದವರು ಕೂರುವ ಜಾಗವನ್ನು ನೀವು ಬಳಸಿಯೇ ಇಲ್ಲ. ಔಟಾದ ಕ್ರಮದಲ್ಲೇ ಸಾಲಾಗಿ ಕೂರಬೇಕು, ತಂಡಕ್ಕೆ ಪಾಯಿಂಟ್ ಬಂದಂತೆ ಅದೇ ಕ್ರಮದಲ್ಲಿ ಎದ್ದು ಒಳಗೆ ಹೋಗಬೇಕು. ರೈಡರ್ ಬೋನಸ್ ಗೆರೆ ದಾಟಿ ಗಳಿಸಿದ ಬೋನಸ್ ಪಾಯಿಂಟಿಗೆ ಮಾತ್ರ ಯಾರೂ ಏಳುವಂತಿಲ್ಲ. ಅಣ್ಣ ಔಟ್, ಮುಂದಿನ ರೈಡಿಗೆ ತಮ್ಮ ಔಟ್: ಇಬ್ಬರೂ ಪಕ್ಕಪಕ್ಕ ಕೂರಬೇಕು, ಎದ್ದು ಹೋಗುವಂತಿಲ್ಲ, ಆಡುವಂತಿಲ್ಲ. ನಿಮ್ಮ ಕಾದಂಬರಿಯ ಅತಿ ಮುಖ್ಯ ಮಾತುಕತೆ ನಡೆಯಬೇಕಾದ್ದು ಇಲ್ಲಿ. ಅಣ್ಣ ತಮ್ಮನ ಎಡಗಡೆ ಕೂತಿರಲಿ. ಗ್ಯಾಲರಿ ಗದ್ದಲದಲ್ಲಿರಲಿ. ಅಣ್ಣ ನೆಲ ನೋಡುತ್ತ ಏನೋ ಹೇಳಲಿ, ಬಹುಶಃ ಎಂಟು ವರ್ಷದಲ್ಲಿ ಮೊದಲ ಸಲ. ತಮ್ಮನಿಗೆ ಅದು ಕೇಳಿಸುವುದಿಲ್ಲ. ಅಣ್ಣನಿಗೂ ಅದು ಗೊತ್ತು. ಅವನು ಹೇಳಿದ್ದು ಕ್ಷಮೆಯೋ ಬೆದರಿಕೆಯೋ ಎಂದು ನೀವು ಓದುಗನಿಗೂ ಹೇಳಬೇಡಿ. ಆಮೇಲೆ ಪಾಯಿಂಟ್ ಬರಲಿ, ಅಣ್ಣ ಎದ್ದು ಒಳಗೆ ಹೋಗಲಿ.

ಗುಟ್ಟು ಬಯಲಾದ ಮೇಲೆ ಪೊಲೀಸರು ಅಣ್ಣನನ್ನು ಜೀಪಿನಲ್ಲಿ ಒಯ್ಯುವ ದೃಶ್ಯ ಕಾನೂನಿಗೆ ಹೊಂದುವುದಿಲ್ಲ. ಏಳು ದಾಟಿ ಹನ್ನೆರಡು ತುಂಬದ ಮಗು ತನ್ನ ಕೆಲಸದ ಪರಿಣಾಮ ತಿಳಿಯುವಷ್ಟು ಬೆಳೆದಿರದಿದ್ದರೆ ಅದು ಅಪರಾಧವಲ್ಲ. ಈಗಲೂ ಅವನಿಗೆ 18 ತುಂಬಿಲ್ಲ. ಈಗಿನ ಹೊಡೆತಗಳ ಮಾತು ಬಂದರೂ ಅದು ಹೋಗುವುದು ಬಾಲನ್ಯಾಯ ಮಂಡಳಿಗೆ, ಪತ್ರಿಕೆಗಳು ಹೆಸರನ್ನೂ ಹಾಕುವಂತಿಲ್ಲ. ಪಿ.ಟಿ. ಮೇಷ್ಟ್ರು ಮನೆಗೆ ಬಂದು ಭಾಷಣ ಮಾಡಿ ಎಲ್ಲ ಸರಿಪಡಿಸುವುದನ್ನೂ ಬಿಡಿ. ಅವರು ಮಾಡಬಹುದಾದ್ದು ಎರಡು: ಹುಡುಗನನ್ನು ಎಡ ಮೂಲೆಗೆ ಮರಳಿಸುವುದು, ಮತ್ತು ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಅವನ ನೋಟ್‌ಬುಕ್ಕಿನಲ್ಲಿ ಬರೆದುಕೊಡುವುದು. ಆ ಸಂಖ್ಯೆ ಕತೆಯೊಳಗೆ ಒಮ್ಮೆಯಾದರೂ ಇರಲಿ. ನಿಮ್ಮ ಓದುಗರಲ್ಲಿ ಯಾರಿಗೋ ಅದು ಬೇಕಾಗಿರುತ್ತದೆ.

ಕಪ್ ಎತ್ತಿ ಅಣ್ಣತಮ್ಮಂದಿರು ಅಪ್ಪಿಕೊಳ್ಳುವ ಮುಕ್ತಾಯದ ಬಗ್ಗೆ ನನ್ನ ಅಭಿಪ್ರಾಯ ಕಠಿಣವಾಗಿದೆ: ತೆಗೆದುಬಿಡಿ. ನೊಂದ ಮಗುವಿನಿಂದ ಕ್ಷಮೆಯನ್ನು ಬಲವಂತವಾಗಿ ಪಡೆದರೆ ಆ ಮನೆ ಎಂಟು ವರ್ಷ ಮಾಡಿದ್ದನ್ನೇ ಪುಸ್ತಕವೂ ಮಾಡಿದಂತೆ. ತಮ್ಮ ಕ್ಷಮಿಸಬೇಕಾಗಿಲ್ಲ, ದ್ವೇಷಿಸಬೇಕಾಗಿಯೂ ಇಲ್ಲ. ಮುಂದಿನ ದೀಪಾವಳಿಗೆ ಅವನನ್ನು ಅಜ್ಜಿಯ ಊರಿಗೆ ಕಳಿಸದಿದ್ದರೆ ಸಾಕು, ಯಾರು ಎಲ್ಲಿ ಕೂತಿದ್ದಾರೆ ಎಂದು ತೋರಿಸಿ ಪುಟ ಮುಗಿಸಿ.

ತಿದ್ದಿದ ಪ್ರತಿಯನ್ನು ಮುದ್ರಣಕ್ಕೆ ಕೊಡುವ ಮುಂಚೆ ನಿಮ್ಮ ಶಾಲೆಯಲ್ಲೇ ಎಂಟನೇ ಒಂಬತ್ತನೇ ತರಗತಿಯ ಐದಾರು ಮಕ್ಕಳಿಗೆ ಓದಲು ಕೊಡಿ, ಪೆನ್ಸಿಲ್ ಜೊತೆಗೆ. ಅಣ್ಣನ ಮೇಲೆ ಮೊದಲು ಅನುಮಾನ ಬಂದ ಪುಟದ ಅಂಚಿಗೆ ಒಂದು ಗೀಟು ಎಳೆಯಲು ಹೇಳಿ. ಗೀಟುಗಳು ಆರನೇ ಅಧ್ಯಾಯಕ್ಕೆ ಮುಂಚೆ ಬಿದ್ದರೆ ಹತ್ತಿಯ ಸುಳಿವು ತುಂಬಾ ದಪ್ಪವಾಗಿದೆ. ಹನ್ನೆರಡು ದಾಟಿದರೆ ಬಲ ಮೂಲೆಯ ದೃಶ್ಯ ಇನ್ನೂ ಮಸುಕಾಗಿದೆ, ಅಂಕಣದ ಒಂದು ಚಿಕ್ಕ ನಕ್ಷೆ ಬರೆದಿಟ್ಟುಕೊಂಡು ಆ ಅಧ್ಯಾಯವನ್ನು ಮತ್ತೆ ಬರೆಯಿರಿ.